ಅಡಿಟಿಪ್ಪಣಿ ಇದ್ದ ಮಾತ್ರಕ್ಕೆ

ಪತ್ರ: ಬೆಂಗಳೂರಿನ ಕೆರೆಗಳ ಬಗ್ಗೆ ಪಿಎಚ್‌.ಡಿ. ಮಾಡುತ್ತಿದ್ದೇನೆ. ನನ್ನ ಆಕರಪಟ್ಟಿಯಲ್ಲಿದ್ದ ನಿಮ್ಮ 3 ಲೇಖನಗಳನ್ನು ಮಾರ್ಗದರ್ಶಕರು ‘ಇದು ಜನಪ್ರಿಯ ಪತ್ರಿಕೆ’ ಎಂದು ಹೊಡೆದುಹಾಕಿದರು. ವಿದ್ವತ್ಪತ್ರಿಕೆಯನ್ನು ಗುರುತಿಸುವುದು ಹೇಗೆ?
– ಸಂಶೋಧನಾ ವಿದ್ಯಾರ್ಥಿನಿ, ವಿಜಯನಗರ, ಬೆಂಗಳೂರು

ಉತ್ತರ: ನಿಮ್ಮ ಮಾರ್ಗದರ್ಶಕರ ಮಾತಿನಲ್ಲಿ ಹುರುಳಿದೆ. ವಿದ್ವತ್ಪತ್ರಿಕೆಗೆ ಬಂದ ಲೇಖನವನ್ನು ಆ ವಿಷಯ ಬಲ್ಲವರು ಓದಿ, ಪ್ರಶ್ನಿಸಿ, ತಿದ್ದಿಸುತ್ತಾರೆ; ನಮ್ಮಂಥ ಪತ್ರಿಕೆಯಲ್ಲಿ ಆ ಹೊಣೆ ಸಂಪಾದಕನದು. ಆದರೆ ಅವರು ಲೇಖನಗಳನ್ನು ಓದಿ ಹೊಡೆದುಹಾಕಿದರೋ, ಪತ್ರಿಕೆಯ ಹೆಸರು ನೋಡಿಯೋ? ಇದನ್ನು ನೀವು ಕೇಳದೆ ಬಂದದ್ದು ತಪ್ಪು.

1919ರಲ್ಲಿ ಇದೇ ಊರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ, ಎ.ಆರ್. ಕೃಷ್ಣಶಾಸ್ತ್ರಿಗಳ ಮುಂದಾಳತ್ವದಲ್ಲಿ ‘ಪ್ರಬುದ್ಧ ಕರ್ಣಾಟಕ’ ಹೊರಟಿತು. ಅದರಲ್ಲಿ ಗಂಭೀರ ಸಂಶೋಧನೆಯ ಜೊತೆಗೆ ಕಥೆ, ಕವಿತೆಗಳೂ ಇದ್ದವು. ಕಥೆಯ ನೆರೆಯಲ್ಲಿ ಅಚ್ಚಾದ ಮಾತ್ರಕ್ಕೆ ಆ ಸಂಶೋಧನೆಯ ತೂಕ ಇಳಿಯಲಿಲ್ಲ.

ಈಗ ನೋಡಿ. ಪರಿಚಿತ ಅಧ್ಯಾಪಕರೊಬ್ಬರು ತಮ್ಮ ಲೇಖನ ಬಂದ ‘ಅಂತರರಾಷ್ಟ್ರೀಯ’ ಜರ್ನಲ್ಲನ್ನು ಅಭಿಮಾನದಿಂದ ತಂದು ತೋರಿಸಿದರು. ದುಡ್ಡು ಕಟ್ಟಿದ 4ನೇ ದಿನಕ್ಕೆ ಸ್ವೀಕೃತಿ ಬಂದಿತ್ತಂತೆ. ಅಡಿಟಿಪ್ಪಣಿಗಳು 32. 11ನೆಯದು ಹೇಳುವ ಪುಸ್ತಕ ನನ್ನ ಕಪಾಟಿನಲ್ಲೇ ಇತ್ತು. ಅವರು ಕೊಟ್ಟದ್ದು 412ನೇ ಪುಟ, ಪುಸ್ತಕ ಮುಗಿಯುವುದು 280ಕ್ಕೆ. ಐಎಸ್‌ಎಸ್‌ಎನ್ ಎಂಬ 8 ಅಂಕಿಗಳನ್ನು ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದರು. ಅದು ಪತ್ರಿಕೆಯ ಗುರುತುಸಂಖ್ಯೆ ಮಾತ್ರ, ವಾರಪತ್ರಿಕೆಗೂ ಸಿಗುತ್ತದೆ. 2025ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ತಾನು ಮಾನ್ಯ ಮಾಡಿದ ವಿದ್ವತ್ಪತ್ರಿಕೆಗಳ ‘ಕೇರ್’ ಪಟ್ಟಿಯನ್ನೂ ಕೈಬಿಟ್ಟ ಮೇಲೆ, ಲೇಖನವನ್ನು ತೆರೆದು ಓದದೆ ಬೇರೆ ದಾರಿಯೇ ಇಲ್ಲ. ಸಂಪಾದಕ ಮಂಡಳಿಯಲ್ಲಿ ಯಾರಿದ್ದಾರೆ, ಪರಿಶೀಲನೆಗೆ ಎಷ್ಟು ಕಾಲ ಹಿಡಿಯಿತು, ಹೇಳಿದ ಆಕರ ಹೇಳಿದ ಪುಟದಲ್ಲಿದೆಯೇ ಎಂದು ನೋಡಿ.

ನಿಮ್ಮ ವಿಷಯದಲ್ಲಂತೂ ಜನಪ್ರಿಯ ಪತ್ರಿಕೆಯೇ ಮೂಲ ಆಕರವಾಗಬಲ್ಲದು. ಸಂಪಂಗಿ ಕೆರೆಯಿದ್ದ ಜಾಗದಲ್ಲಿ ಇಂದು ಕಂಠೀರವ ಕ್ರೀಡಾಂಗಣವಿದೆ. ಕರಗದ ಆಚರಣೆಗೆಂದು ಪುಟ್ಟ ಕಲ್ಯಾಣಿಯೊಂದು ಉಳಿದಿದೆ. ಆ ಕೆರೆಯ ನೀರಿನಲ್ಲಿ ಸೊಪ್ಪು ಬೆಳೆದವರ ನೆನಪನ್ನು ನಮ್ಮ 1978ರ ಸಂಚಿಕೆ ಅವರ ಮಾತಿನಲ್ಲೇ ದಾಖಲಿಸಿತು. ಹೇಳಿದವರು ಈಗಿಲ್ಲ. ಅದನ್ನು ಸಿದ್ಧಾಂತಕ್ಕೆ ಆಧಾರವೆಂದಲ್ಲ, ಸಾಕ್ಷ್ಯವೆಂದು ಉಲ್ಲೇಖಿಸಿ. ಇಂಥ ಬರಹಕ್ಕೆ ಬಡ್ತಿಯ ಲೆಕ್ಕದಲ್ಲಿ ಅಂಕವಿಲ್ಲವೆಂದು ನಮ್ಮ ಅಧ್ಯಾಪಕರು ಕನ್ನಡದ ಸಾಮಾನ್ಯ ಓದುಗರಿಗಾಗಿ ಬರೆಯುವುದನ್ನೇ ಬಿಡುತ್ತಿದ್ದಾರೆ ಎಂಬುದು ನನ್ನ ಬಹುದಿನದ ನೋವು.

ಆ ಸಂದರ್ಶನದ ಕೈಬರಹದ ಟಿಪ್ಪಣಿ ಪುಸ್ತಕ ನಮ್ಮ ಕಚೇರಿಯಲ್ಲಿದೆ. ಬಂದು ನೋಡಿ; ಮಾರ್ಗದರ್ಶಕರನ್ನೂ ಕರೆತನ್ನಿ.