ಬಾಟಲಿ ತುಂಬಿದ ಹಾಗೇ ವಾಪಸ್ ಬಂದರೆ

ಪ್ರಿಯ ಓದುಗರೇ,

12 ವರ್ಷದ ಮಗಳ ನೀರಿನ ಬಾಟಲಿ ಶಾಲೆಯಿಂದ ಹೆಚ್ಚುಕಡಿಮೆ ತುಂಬಿದ ಹಾಗೇ ಮನೆಗೆ ಬರುತ್ತದೆ, 16ರ ಮಗ ನೀರು ಮುಟ್ಟದೆ ಕೂಲ್ ಡ್ರಿಂಕ್ಸ್, ಎನರ್ಜಿ ಡ್ರಿಂಕ್ಸ್ ಕುಡಿಯುತ್ತಾನೆ ಎಂದು ಬರೆದಿದ್ದೀರಿ. 'ಏನು ಕುಡಿದರೂ ಅದರಲ್ಲಿ ನೀರು ಇದ್ದೇ ಇರುತ್ತಲ್ವಾ?' ಎಂದು ಕೇಳಿದ್ದೀರಿ.

ಇರುತ್ತದೆ, ನಿಜ. ಹಾಲು, ಹಣ್ಣಿನ ರಸ, ಕೂಲ್ ಡ್ರಿಂಕ್ಸ್ ಎಲ್ಲದರಿಂದಲೂ ಮೈಗೆ ನೀರು ಸಿಗುತ್ತದೆ. ನೀರಿನ ಜೊತೆ ಇನ್ನೇನು ಹೊಟ್ಟೆಗೆ ಹೋಗುತ್ತದೆ ಅನ್ನುವುದನ್ನು ಆಮೇಲೆ ನೋಡೋಣ. ಮೊದಲು ಮಗಳ ವಿಷಯ. ಅದರ ಬಗ್ಗೆ ನೀವು ಬರೆದಿರುವುದು ಎರಡೇ ಸಾಲು. ನನಗೆ ಜಾಸ್ತಿ ಕಳವಳ ಆಗಿದ್ದು ಅದನ್ನು ಓದಿದಾಗಲೇ.

ಯಾಕೆ ಕುಡಿಯಲಿಲ್ಲ ಎಂದು ಗದರಬೇಡಿ. ಶಾಲೆಯ ಟಾಯ್ಲೆಟ್ ಹೇಗಿದೆ ಎಂದು ಕೇಳಿ. ಚಿಲಕ ಬೀಳುವುದಿಲ್ಲ, ಒಳಗೆ ಕಾಲಿಡಲಾಗದಷ್ಟು ವಾಸನೆ, ಬಿಡುವಿನಲ್ಲಿ ಉದ್ದ ಸಾಲು, ಪಾಠದ ಮಧ್ಯೆ ಕೈ ಎತ್ತಿದರೆ ಕಳಿಸುವುದಿಲ್ಲ. ಇದರಲ್ಲಿ ಒಂದಿದ್ದರೂ ಸಾಕು, ಎಷ್ಟೋ ಮಕ್ಕಳು ನೀರು ಕುಡಿಯುವುದನ್ನೇ ಬಿಟ್ಟುಬಿಡುತ್ತಾರೆ. ಮುಟ್ಟು ಶುರುವಾದ ಹುಡುಗಿಯರ ಕಷ್ಟವಂತೂ ಇನ್ನೂ ಜಾಸ್ತಿ. ಇದನ್ನು ಹಟ ಅನ್ನಬೇಡಿ, ಅವರಿಗೆ ತೋಚಿದ ದಾರಿ ಅದೊಂದೇ. ಆದರೆ ನೀರು ಕುಡಿಯದೆ, ಮೂತ್ರ ಕಟ್ಟಿಕೊಂಡು ಕೂತರೆ ಸೋಂಕು ತಗಲುವ ಸಾಧ್ಯತೆ ಹೆಚ್ಚು. ಮಲಬದ್ಧತೆ, ತಲೆನೋವು, ಮಧ್ಯಾಹ್ನದ ಹೊತ್ತಿಗೆ ಸುಸ್ತು ಕೂಡ ಬರಬಹುದು. ಕಾರಣ ಇದೇ ಆಗಿದ್ದರೆ ಚೆಂದದ ಹೊಸ ಬಾಟಲಿ ಕೊಡಿಸಿ ಪ್ರಯೋಜನವಿಲ್ಲ. ಇನ್ನೂ ನಾಲ್ಕು ಪೋಷಕರನ್ನು ಸೇರಿಸಿಕೊಂಡು ಶಾಲೆಯವರ ಹತ್ತಿರ ಮಾತಾಡಿ. ಮಗಳ ಹೆಸರು ಎತ್ತದೆ ಮಾತಾಡಿ, ಅವಳಿಗೆ ಮುಜುಗರ ಆಗಬಾರದು.

ಎಷ್ಟು ನೀರು ಬೇಕು? ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2010ರಲ್ಲಿ ಕೊಟ್ಟ ಲೆಕ್ಕ ಹೀಗಿದೆ: 9ರಿಂದ 13 ವರ್ಷದ ಹುಡುಗಿಯರಿಗೆ ದಿನಕ್ಕೆ 1.9 ಲೀಟರ್, ಹುಡುಗರಿಗೆ 2.1. 14 ದಾಟಿದ ಮೇಲೆ ದೊಡ್ಡವರಷ್ಟೇ, ಅಂದರೆ 2 ಮತ್ತು 2.5 ಲೀಟರ್. ಗಾಬರಿಯಾಗಬೇಡಿ, ಊಟದಲ್ಲಿರುವ ನೀರೂ ಇದರಲ್ಲಿ ಸೇರಿದೆ. ನಿಮ್ಮ ಮಗಳು ದಿನಕ್ಕೆ ಸುಮಾರು ಒಂದೂವರೆ ಲೀಟರ್ ಕುಡಿದರೆ ಸಾಕು. ಸೆಕೆ ಇದ್ದರೆ, ಓಡಿ ಆಡಿದರೆ ಇನ್ನಷ್ಟು ಬೇಕು. ಆಟದ ಮಧ್ಯೆ ಮಕ್ಕಳಿಗೆ ಬಾಯಾರಿಕೆ ಗೊತ್ತೇ ಆಗುವುದಿಲ್ಲ, ನಾವೇ ಕರೆದು ಕುಡಿಸಬೇಕು. ದಿನಾ ಅಳೆಯುತ್ತಾ ಕೂರುವ ಬದಲು ಮೂತ್ರದ ಬಣ್ಣ ನೋಡಿಕೊಳ್ಳಲು ಹೇಳಿಕೊಡಿ. ತಿಳಿ ಹಳದಿ ಇದ್ದರೆ ಸರಿ. ಗಾಢವಾಗಿದ್ದರೆ ನೀರು ಸಾಲುತ್ತಿಲ್ಲ.

ಈಗ ಮಗನ ವಿಷಯ. ಅವನ ಕೈಯಲ್ಲೇ ಕ್ಯಾನ್ ಕೊಟ್ಟು ಹಿಂದಿನ ಸಣ್ಣ ಅಕ್ಷರ ಓದಿಸಿ. ಸಕ್ಕರೆಯನ್ನು ಸಾಮಾನ್ಯವಾಗಿ 100 ಮಿಲಿಲೀಟರ್‌ಗೆ ಇಷ್ಟು ಎಂದು ಬರೆದಿರುತ್ತಾರೆ, ಹಾಗಾಗಿ ಕಮ್ಮಿ ಅನ್ನಿಸುತ್ತದೆ. ಇಡೀ ಕ್ಯಾನಿಗೆ ಗುಣಿಸಲಿ. 330 ಮಿಲಿಲೀಟರ್ ಕೋಲಾದಲ್ಲಿ ಸುಮಾರು 35 ಗ್ರಾಂ ಬರುತ್ತದೆ, ಅಂದರೆ ಎಂಟೊಂಬತ್ತು ಟೀ ಚಮಚ. ಅಷ್ಟನ್ನು ಒಂದು ಲೋಟಕ್ಕೆ ಅವನೇ ಸುರಿದು ನೋಡಲಿ. ಬೈಗುಳಕ್ಕಿಂತ ಅದೇ ಹೆಚ್ಚು ನಾಟುತ್ತದೆ.

ನನ್ನ ಮಟ್ಟಿಗೆ ಎನರ್ಜಿ ಡ್ರಿಂಕ್ ಮನೆಯೊಳಗೇ ಬರಬಾರದು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2011ರಲ್ಲೇ ಮಕ್ಕಳಿಗೂ ಹದಿಹರೆಯದವರಿಗೂ ಇದು ಬೇಡ ಎಂದು ಹೇಳಿದೆ. 250 ಮಿಲಿಲೀಟರ್ ಕ್ಯಾನಿನಲ್ಲಿ ಸಾಮಾನ್ಯವಾಗಿ 80 ಮಿಲಿಗ್ರಾಂ ಕೆಫೀನ್ ಇರುತ್ತದೆ. ಮೈತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 3 ಮಿಲಿಗ್ರಾಂ ದಾಟಬಾರದು ಎಂದಿಟ್ಟುಕೊಂಡರೆ 50 ಕೆ.ಜಿ. ತೂಗುವ ಹುಡುಗನಿಗೆ ಎರಡನೇ ಕ್ಯಾನ್ ಮುಗಿಯುವಷ್ಟರಲ್ಲಿ ಮಿತಿ ದಾಟಿರುತ್ತದೆ. ರಾತ್ರಿ ನಿದ್ದೆ ಬರದೆ, ಬೆಳಿಗ್ಗೆ ಏಳಲಾರದೆ, ಮತ್ತೆ ಅದೇ ಕ್ಯಾನಿಗೆ ಕೈ ಹಾಕುತ್ತಾನೆ. ದಿನಾ ಕುಡಿಯುತ್ತಿದ್ದರೆ ಒಂದೇ ಸಲ ನಿಲ್ಲಿಸಬೇಡಿ, ತಲೆನೋವು ಬರುತ್ತದೆ. ಸ್ವಲ್ಪ ಸ್ವಲ್ಪವೇ ಕಮ್ಮಿ ಮಾಡಿ. ಓದುವ ಮೇಜಿನ ಮೇಲೆ ತಣ್ಣನೆ ನೀರು ಇಡಿ. ಒಂದು ಗಂಟೆಯೊಳಗಿನ ಆಟಕ್ಕೆ ನೀರೇ ಸಾಕು, ಸ್ಪೋರ್ಟ್ಸ್ ಡ್ರಿಂಕ್ ಬೇಕಿಲ್ಲ.

ಇನ್ನೊಂದನ್ನು ಮಾತ್ರ ದಯವಿಟ್ಟು ಗಮನಿಸಿ. ಎಷ್ಟು ಕುಡಿದರೂ ಮಗನಿಗೆ ಬಾಯಾರಿಕೆ ತೀರುತ್ತಿಲ್ಲವಾ? ರಾತ್ರಿ ಎದ್ದೆದ್ದು ಮೂತ್ರಕ್ಕೆ ಹೋಗುತ್ತಾನಾ? ತೂಕ ಇಳಿದಿದೆಯಾ? ಹೌದಾದರೆ ಅವತ್ತೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ. ಟೈಪ್ 1 ಮಧುಮೇಹ ಮಕ್ಕಳಲ್ಲಿ ಹೀಗೇ ಕಾಣಿಸಿಕೊಳ್ಳುತ್ತದೆ, ತಡ ಮಾಡಿದರೆ ಜೀವಕ್ಕೇ ಅಪಾಯ.

– ಸಂಪಾದಕ