2028ರ ಅಮೆರಿಕ ಅಧ್ಯಕ್ಷೀಯ ಕಣ: ಈಗಿನ ಹೆಸರುಗಳನ್ನು ಎಷ್ಟು ನಂಬಬಹುದು?

ಪ್ರಶ್ನೆ: ಮಗ ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲೆ ಕೆಲಸದಲ್ಲಿರುವುದರಿಂದ ಅಲ್ಲಿನ ರಾಜಕೀಯವನ್ನು ಗಮನಿಸುತ್ತಿರುತ್ತೇನೆ. 2028ರಲ್ಲಿ ವ್ಯಾನ್ಸ್ ಮತ್ತು ನ್ಯೂಸಮ್ ಅವರೇ ಎದುರಾಳಿಗಳು ಎಂದು ಹಲವರು ಹೇಳುತ್ತಿದ್ದಾರೆ. ಇದು ನಿಜವಾದೀತೇ?
– ಓದುಗರೊಬ್ಬರು, ಮಣಿಪಾಲ

ಉತ್ತರ: ಆಗಬಹುದು, ಆದರೆ ಅದನ್ನು ತೀರ್ಮಾನವಾದ ಸಂಗತಿಯೆಂದು ತಿಳಿಯಬೇಡಿ. ಎರಡು ಬಾರಿ ಆಯ್ಕೆಯಾದವರು ಮತ್ತೆ ಅಧ್ಯಕ್ಷರಾಗಿ ಆಯ್ಕೆಯಾಗುವುದನ್ನು ಅಲ್ಲಿನ ಸಂವಿಧಾನದ 22ನೇ ತಿದ್ದುಪಡಿ ತಡೆಯುವುದರಿಂದ, ಟ್ರಂಪ್ ಅವರ ನಂತರ ರಿಪಬ್ಲಿಕನ್ ಪಕ್ಷದಲ್ಲಿ ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ ಅವರ ಹೆಸರು ಮುಂದೆ ಬಂದಿರುವುದು ಸಹಜವೇ. 1988ರಲ್ಲಿ ಹಿರಿಯ ಬುಷ್, 2000ದಲ್ಲಿ ಅಲ್ ಗೋರ್ ಉಪಾಧ್ಯಕ್ಷರಾಗಿದ್ದುಕೊಂಡೇ ತಮ್ಮ ಪಕ್ಷಗಳ ಅಭ್ಯರ್ಥಿಗಳಾದರು. ಡೆಮಾಕ್ರಟಿಕ್ ಪಕ್ಷದಲ್ಲಿ ಅಂಥ ಉತ್ತರಾಧಿಕಾರಿ ಯಾರೂ ಇಲ್ಲ. ಗ್ಯಾವಿನ್ ನ್ಯೂಸಮ್, ಜೋಶ್ ಶಪೀರೊ, ಪೀಟ್ ಬುಟಿಜೆಜ್, ಕಮಲಾ ಹ್ಯಾರಿಸ್ ಹೀಗೆ ಹಲವು ಹೆಸರುಗಳು ಕೇಳಿಬರುತ್ತಿವೆ.

ನಮ್ಮಲ್ಲಿ ಬಿ ಫಾರಂ ಕೊಡುವುದು ಪಕ್ಷದ ವರಿಷ್ಠರು. 2023ರಲ್ಲಿ ಉಡುಪಿಯ ಹಾಲಿ ಶಾಸಕರಾಗಿದ್ದ ರಘುಪತಿ ಭಟ್ ಅವರಿಗೆ ಬಿಜೆಪಿ ಟಿಕೆಟ್ ತಪ್ಪಿ ಯಶ್‌ಪಾಲ್ ಸುವರ್ಣ ಅವರಿಗೆ ದೊರೆತದ್ದು ಇಲ್ಲಿನ ಮತದಾರರನ್ನು ಕೇಳಿ ಆದ ನಿರ್ಧಾರವಲ್ಲ. ಅಮೆರಿಕದಲ್ಲಾದರೋ ಆ ಅಧಿಕಾರ ಬಹುಮಟ್ಟಿಗೆ ಸಾಮಾನ್ಯ ಮತದಾರರ ಕೈಯಲ್ಲಿದೆ. ರಾಜ್ಯದಿಂದ ರಾಜ್ಯಕ್ಕೆ ತಿಂಗಳುಗಟ್ಟಲೆ ನಡೆಯುವ ಪ್ರಾಥಮಿಕ ಚುನಾವಣೆಗಳಲ್ಲಿ ಅವರು ಹಾಕುವ ಮತವೇ, ಪಕ್ಷದ ಸಮಾವೇಶದಲ್ಲಿ ಅಭ್ಯರ್ಥಿಯನ್ನು ಅಧಿಕೃತವಾಗಿ ಆರಿಸುವ ಪ್ರತಿನಿಧಿಗಳಲ್ಲಿ ಯಾರಿಗೆ ಎಷ್ಟು ಎಂಬುದನ್ನು ನಿರ್ಧರಿಸುತ್ತದೆ. ಬಹಳ ಮೊದಲೇ ನಡೆಸುವ ಸಮೀಕ್ಷೆಗಳು ಎಡವುವುದು ಈ ಕಾರಣಕ್ಕೇ ಎಂಬುದು ನನ್ನ ಅಭಿಪ್ರಾಯ: ಅವು ಅಳೆಯುವುದು ಹೆಸರಿನ ಪರಿಚಯವನ್ನು, ಬೆಂಬಲದ ಆಳವನ್ನಲ್ಲ. 2007ರ ಉದ್ದಕ್ಕೂ ರಾಷ್ಟ್ರಮಟ್ಟದ ಸಮೀಕ್ಷೆಗಳಲ್ಲಿ ಮುಂದಿದ್ದವರು ಹಿಲರಿ ಕ್ಲಿಂಟನ್ ಮತ್ತು ರೂಡಿ ಜೂಲಿಯಾನಿ; ಮರುವರ್ಷ ಅಭ್ಯರ್ಥಿಗಳಾದವರು ಒಬಾಮ ಮತ್ತು ಮೆಕೇನ್.

ರಾಜ್ಯಗಳ ಸರದಿಯೂ ಫಲಿತಾಂಶವನ್ನು ತಿರುಗಿಸಬಲ್ಲದು. 2020ರಲ್ಲಿ ಜೋ ಬೈಡನ್ ಅಯೋವದಲ್ಲಿ ನಾಲ್ಕನೆಯವರಾಗಿ, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೆಯವರಾಗಿ ಉಳಿದಾಗ ಅವರ ಕಥೆ ಮುಗಿಯಿತೆಂದು ಅನೇಕರು ಬರೆದಿದ್ದರು. ಫೆಬ್ರುವರಿ 29ರಂದು ಸೌತ್ ಕ್ಯಾರೊಲಿನದ ಕಪ್ಪು ಮತದಾರರು ಅವರ ಕೈಹಿಡಿದರು. ಎದುರಾಳಿಗಳಾದ ಬುಟಿಜೆಜ್, ಕ್ಲೋಬುಷರ್ ಎರಡೇ ದಿನಗಳೊಳಗೆ ಕಣದಿಂದ ಹಿಂದೆ ಸರಿದು ಅವರಿಗೇ ಬೆಂಬಲ ಸೂಚಿಸಿದರು.

ಆದ್ದರಿಂದ ಹೆಸರುಗಳ ಪಟ್ಟಿಗಿಂತ, ಮೊದಲು ಮತ ಹಾಕುವ ರಾಜ್ಯಗಳಿಗೆ ಯಾರು ಪದೇ ಪದೇ ಹೋಗುತ್ತಿದ್ದಾರೆ, ಯಾರಿಗೆ ದೇಣಿಗೆ ಹರಿದುಬರುತ್ತಿದೆ ಎಂಬುದನ್ನು ಗಮನಿಸಿ. ಅಧಿಕೃತ ಘೋಷಣೆಗಳು ಸಾಮಾನ್ಯವಾಗಿ ಮಧ್ಯಾವಧಿ ಚುನಾವಣೆಯ (ಅಧ್ಯಕ್ಷರ ನಾಲ್ಕು ವರ್ಷಗಳ ಅವಧಿಯ ನಡುವೆ ನಡೆಯುವ ಸಂಸತ್ ಚುನಾವಣೆ) ಬಳಿಕವೇ ಹೊರಬೀಳುತ್ತವೆ. ಒಬಾಮ ಕಣಕ್ಕಿಳಿದದ್ದು 2007ರ ಫೆಬ್ರುವರಿಯಲ್ಲಿ, ಟ್ರಂಪ್ ತಮ್ಮ ಮೊದಲ ಸ್ಪರ್ಧೆಯನ್ನು ಘೋಷಿಸಿದ್ದು 2015ರ ಜೂನ್‌ನಲ್ಲಿ.