ಕೊನೆಯ ಶತ್ರುವಿನಿಂದ ಶುರು ಮಾಡಿ

ನಮಸ್ಕಾರ.

ಮೇಲಿನಿಂದ ಇಳಿದು ಬರುವ ಅನ್ಯಗ್ರಹದ ಶತ್ರುಗಳನ್ನು ಗುಂಡು ಹಾರಿಸಿ ಹೊಡೆಯುವ ಹಳೆಯ ವಿಡಿಯೋ ಗೇಮ್ ಬಗ್ಗೆ ನೀವು ಕಳಿಸಿದ 'ಸ್ಪೇಸ್ ಇನ್ವೇಡರ್ಸ್: ಒಂದು ಅವಲೋಕನ' ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ. ಒಳ್ಳೆಯ ಕತೆ ನಿಮ್ಮ ಕೈಯಲ್ಲೇ ಇದೆ, ಅದನ್ನು ನಾಲ್ಕನೇ ಪುಟದಲ್ಲಿ ಬಚ್ಚಿಟ್ಟಿದ್ದೀರಿ ಅಷ್ಟೇ.

ಮೊದಲ ಪುಟ ಪೂರ್ತಿ 'ಅನಾದಿ ಕಾಲದಿಂದಲೂ ಮಾನವನು ಆಕಾಶವನ್ನು ನೋಡಿ ಬೆರಗಾಗಿದ್ದಾನೆ' ಅಂತ ಸಾಗುತ್ತದೆ. ಅದು ಪೂರ್ತಿ ಹೋಗಲಿ. ಓದುಗ ಬಂದಿರುವುದು ಆಟದ ಕತೆ ಕೇಳಲು, ಅಲ್ವಾ?

ನಾಲ್ಕನೇ ಪುಟದಲ್ಲಿ ಹೀಗೆ ಬರೆದಿದ್ದೀರಿ: 'ಆಟಗಾರನಿಗೆ ಸವಾಲೊಡ್ಡುವ ಉದ್ದೇಶದಿಂದ ನಿಶಿಕಾಡೊ ಅವರು ಶತ್ರುಗಳ ವೇಗವನ್ನು ಹೆಚ್ಚಿಸಿದರು.' ತಪ್ಪು. ನಡೆದದ್ದು ಇದಕ್ಕಿಂತ ಮಜವಾಗಿದೆ.

1978ರಲ್ಲಿ ಜಪಾನಿನ ಟೈಟೊ ಕಂಪನಿಗೆ ತೊಮೊಹಿರೊ ನಿಶಿಕಾಡೊ ಈ ಆಟ ಮಾಡಿದಾಗ ಒಳಗಿದ್ದದ್ದು ಇಂಟೆಲ್ 8080 ಚಿಪ್. ಪರದೆ ಮೇಲೆ ಸಾಲಿಗೆ 11ರಂತೆ ಐದು ಸಾಲು, ಒಟ್ಟು 55 ಶತ್ರುಗಳು. ಅಷ್ಟನ್ನೂ ಒಟ್ಟಿಗೆ ಸರಿಸುವ ತಾಕತ್ತು ಆ ಚಿಪ್‌ಗೆ ಇರಲಿಲ್ಲ. ಪರದೆ ಸೆಕೆಂಡಿಗೆ ಸುಮಾರು 60 ಸಲ ಹೊಸದಾಗಿ ಮೂಡುತ್ತದೆ. ಒಂದೊಂದು ಸಲಕ್ಕೆ ಒಂದೇ ಶತ್ರು ಸರಿಯುತ್ತದೆ. ಅಂದರೆ ಇಡೀ ಪಡೆ ಒಂದು ಹೆಜ್ಜೆ ಇಡಲು ಹತ್ತಿರ ಹತ್ತಿರ ಒಂದು ಸೆಕೆಂಡು. ಅರ್ಧದಷ್ಟನ್ನು ಹೊಡೆದರೆ ಅರ್ಧ ಸೆಕೆಂಡು. ಒಂದೇ ಉಳಿದರೆ ಅದರ ಸರದಿ ಪ್ರತಿ ಸಲವೂ ಬರುತ್ತದೆ, ಹುಚ್ಚು ಹಿಡಿದಂತೆ ಓಡುತ್ತದೆ. ನೀವು ಗೆಲ್ಲುತ್ತಾ ಹೋದಷ್ಟೂ ಆಟ ಕಷ್ಟವಾಗುತ್ತದೆ! ಇದು ಮೊದಲೇ ಯೋಚಿಸಿ ಮಾಡಿದ್ದಲ್ಲ. ಯಂತ್ರದ ದೌರ್ಬಲ್ಯ ಆಟಕ್ಕೆ ರುಚಿ ಕೊಟ್ಟಿದ್ದನ್ನು ನೋಡಿ ನಿಶಿಕಾಡೊ ಹಾಗೇ ಬಿಟ್ಟರು. ಎದೆಬಡಿತದ ಹಾಗೆ ಕೇಳುವ ಆ ನಾಲ್ಕು ಸ್ವರಗಳೂ ಜೊತೆಜೊತೆಗೇ ಚುರುಕಾಗುತ್ತವೆ. ಅದರ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ.

ಲೇಖನ ಆ ಕೊನೆಯ ಶತ್ರುವಿನಿಂದಲೇ ಶುರುವಾಗಲಿ.

ಇನ್ನೆರಡು ಮಾತು. ಇದನ್ನು 'ಜಗತ್ತಿನ ಮೊದಲ ವಿಡಿಯೋ ಗೇಮ್' ಅಂದಿದ್ದೀರಿ. ಅಮೆರಿಕದಲ್ಲಿ 1962ಕ್ಕೇ ಸ್ಪೇಸ್‌ವಾರ್ ಎಂಬ ಆಟ ಇತ್ತು, 1971ರಲ್ಲಿ ಕಾಸು ಹಾಕಿ ಆಡುವ ಕಂಪ್ಯೂಟರ್ ಸ್ಪೇಸ್ ಬಂತು. ನಿಶಿಕಾಡೊಗೆ ಸ್ಫೂರ್ತಿ ಕೊಟ್ಟದ್ದು ಅಮೆರಿಕದ ಅಟಾರಿ ಕಂಪನಿಯ ಇಟ್ಟಿಗೆ ಒಡೆಯುವ ಆಟ ಬ್ರೇಕ್‌ಔಟ್. ಆ ಇಟ್ಟಿಗೆಗಳಿಗೆ ಜೀವ ಬಂದು, ತಿರುಗಿ ಗುಂಡು ಹಾರಿಸಿದರೆ ಹೇಗಿರುತ್ತದೆ ಅಂತ ಬರೆದು ನೋಡಿ. ಓದುಗನಿಗೆ ತಟ್ಟನೆ ಹೊಳೆಯುತ್ತದೆ.

ಈ ಆಟಕ್ಕೆ ಜನ ಕಾಸು ಹಾಕಿ ಹಾಕಿ ಜಪಾನಿನಲ್ಲಿ 100 ಯೆನ್ ನಾಣ್ಯಕ್ಕೇ ಬರ ಬಂತು ಎಂಬ ಕತೆಯನ್ನೂ ಬಿಡಿ. ನಾನೂ ಅದನ್ನು ನಂಬಿ ಒಮ್ಮೆ ಬರೆದು ನಾಚಿಕೆಪಟ್ಟವನೇ. ಆಟದ ಪೆಟ್ಟಿಗೆಗೆ ಬಿದ್ದ ನಾಣ್ಯ ಅಲ್ಲೇ ಕೂತಿರುತ್ತದೆಯೇ? ಮಾಲೀಕ ಬ್ಯಾಂಕಿಗೆ ಕಟ್ಟುತ್ತಾನೆ, ಮತ್ತೆ ಕೈಗೆ ಬರುತ್ತದೆ.

ಭಾಷೆಯಲ್ಲಿ 'ಅನ್ಯಗ್ರಹ ಜೀವಿಗಳ ಆಕ್ರಮಣಕಾರಿ ಚಲನೆ' ಥರದ್ದು ಜಾಸ್ತಿಯಾಯಿತು. 'ಏಡಿಯ ಹಾಗೆ ಅಡ್ಡಡ್ಡ ಸರಿದು ಕೆಳಗಿಳಿಯುತ್ತವೆ' ಅಂದರೆ ಸಾಕು.

ಎರಡು ಪುಟ ಮೀರದಂತೆ ಮತ್ತೆ ಬರೆದು ಕಳಿಸಿ. ತಲೆಬರಹದಲ್ಲಿ 'ಒಂದು ಅವಲೋಕನ' ಇರದಿರಲಿ.